ನಡೆಯುವವರಿಗೆ ರಸ್ತೆಯಲ್ಲಿ ಎಷ್ಟು ಜಾಗ? ಧರ್ಮಸ್ಥಳ, ಉಜಿರೆ, ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯವರು ತಿಳಿದಿರಬೇಕಾದ ಫುಟ್‌ಪಾತ್ ಲೆಕ್ಕ

ಧರ್ಮಸ್ಥಳ: ಶಿವರಾತ್ರಿ ಹತ್ತಿರ ಬಂತೆಂದರೆ ಚಾರ್ಮಾಡಿ ಮತ್ತು ಶಿರಾಡಿ ಘಾಟಿ ಇಳಿದು ಸಾವಿರಾರು ಜನ ಕಾಲ್ನಡಿಗೆಯಲ್ಲೇ ಧರ್ಮಸ್ಥಳಕ್ಕೆ ಬರ್ತಾರೆ. ಬೆಂಗಳೂರು, ಹಾಸನ, ಮಂಡ್ಯ, ತುಮಕೂರು, ಚಿಕ್ಕಮಗಳೂರು ಕಡೆಯಿಂದ ಹೊರಟವರು ಬಿಸಿಲಿಗೆ ಹೆದರಿ ರಾತ್ರಿ ಮತ್ತು ಬೆಳಗಿನ ಜಾವ ಹೆಚ್ಚು ನಡೆಯುತ್ತಾರೆ. ಕಾರ್ತಿಕ ಮಾಸದ ಲಕ್ಷದೀಪೋತ್ಸವಕ್ಕೆ ಉಜಿರೆಯಿಂದಲೇ ಪಾದಯಾತ್ರೆ ಹೊರಡುತ್ತದೆ. ಇಷ್ಟು ಜನ ನಡೆದುಕೊಂಡು ಬರುವ ಕ್ಷೇತ್ರದ ದಾರಿಯಲ್ಲಿ ನಡೆಯಲಿಕ್ಕೆ ಅಂತಲೇ ಬಿಟ್ಟ ಜಾಗ ಎಷ್ಟುಂಟು ಎಂದು ನೋಡಿದರೆ, ಹೆಚ್ಚಿನ ಕಡೆ ಡಾಮರಿನ ಅಂಚಿನ ಬಿಳಿ ಗೆರೆಯ ಆಚೆಗಿನ ಮಣ್ಣು ಮಾತ್ರ. ಮಳೆಗಾಲದಲ್ಲಿ ಅದೂ ಕೆಸರು.

ಯಾತ್ರಿಕರು ವರ್ಷಕ್ಕೊಮ್ಮೆ ಬಂದು ಹೋಗ್ತಾರೆ. ಊರಿನವರದ್ದು ದಿನನಿತ್ಯದ ಪಾಡು. ಉಜಿರೆಯಲ್ಲಿ ಕಾಲೇಜು ಬಿಟ್ಟ ಹೊತ್ತು, ಮೂಡುಬಿದಿರೆಯಲ್ಲಿ ಬೆಳಗ್ಗೆ ವಿದ್ಯಾರ್ಥಿಗಳು ಬಸ್ಸಿಳಿಯುವ ಹೊತ್ತು, ಬಿ.ಸಿ.ರೋಡಿನಲ್ಲಿ ಸಂಜೆ ಬಸ್ಸಿಗೆ ಓಡುವ ಹೊತ್ತು ನಿಂತು ನೋಡಿದರೆ ಸಾಕು, ರಸ್ತೆಯಲ್ಲಿ ಗಾಡಿಗಿಂತ ಕಾಲುಗಳೇ ಜಾಸ್ತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಶುರುವಾದ ಮೇಲೆ ಸರಕಾರಿ ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಬರುವ ಮಹಿಳೆಯರ ಸಂಖ್ಯೆ ಏರಿದ್ದು ಎಲ್ಲರಿಗೂ ಗೊತ್ತಿದೆ. ಬಸ್ಸಿನಲ್ಲಿ ಬಂದವರೆಲ್ಲ ಇಳಿದ ಕೂಡಲೇ ಪಾದಚಾರಿಗಳೇ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ 1,68,491 ಮಂದಿ ಬಲಿಯಾದರು. ಅದರಲ್ಲಿ 32,825 ಮಂದಿ ಪಾದಚಾರಿಗಳು. ದಿನಕ್ಕೆ ಹತ್ತಿರ ಹತ್ತಿರ 90 ಜನ. ಇವರು ಯಾವ ಗಾಡಿಯಲ್ಲೂ ಇರಲಿಲ್ಲ.

ಅಳತೆ ಎಷ್ಟಿರಬೇಕು?

ಫುಟ್‌ಪಾತ್ ಅಂದರೆ ಉಳಿದ ಜಾಗದಲ್ಲಿ ಹಾಕುವ ಇಂಟರ್‌ಲಾಕ್ ಅಲ್ಲ, ಅದಕ್ಕೂ ಅಳತೆ ಉಂಟು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ದೇಶದ ರಸ್ತೆಗಳ ಮಾನದಂಡ ಮಾಡುತ್ತದೆ. ಎಂಜಿನಿಯರುಗಳು ಇದನ್ನು 'ಐಆರ್‌ಸಿ' ಅನ್ನುತ್ತಾರೆ. ಪಾದಚಾರಿಗಳಿಗೆ ಸಂಬಂಧಿಸಿದ್ದು ಐಆರ್‌ಸಿ 103, ಸೈಕಲ್ ದಾರಿಗೆ ಐಆರ್‌ಸಿ 11. ಗ್ರಾಮಸಭೆಯಲ್ಲಿ ಮಾತಾಡುವಾಗ ಈ ಎರಡು ನಂಬರ್ ನೆನಪಿಟ್ಟುಕೊಂಡರೆ ಒಳ್ಳೆಯದು, ಎದುರು ಕೂತ ಎಂಜಿನಿಯರ್ ಸ್ವಲ್ಪ ನೆಟ್ಟಗೆ ಕೂರ್ತಾರೆ.

103ರ ಪ್ರಕಾರ ಅಡೆತಡೆ ಇಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕು, ಅಂದರೆ ಸುಮಾರು ಆರು ಅಡಿ. ಎದುರು ಬದುರಾಗಿ ಬರುವ ಇಬ್ಬರು, ಅಥವಾ ಇಬ್ಬರು ವೀಲ್‌ಚೇರಿನವರು, ಒಬ್ಬರನ್ನೊಬ್ಬರು ಡಾಮರಿಗೆ ಇಳಿಸದೆ ದಾಟಿ ಹೋಗುವ ಅಳತೆ ಇದು. ಅಂಗಡಿ ಮುಂಗಟ್ಟು ಮತ್ತು ಮನೆ ಬೆರೆತಿರುವ ಪೇಟೆಯಲ್ಲಿ 2.5 ಮೀಟರ್. ಬಸ್ ನಿಲ್ದಾಣದ ಹತ್ತಿರ 3 ಮೀಟರ್. ಅಂಗಡಿ ಸಾಲಿನ ಎದುರು 3.5ರಿಂದ 4.5 ಮೀಟರ್. ತಲೆ ಮೇಲೆ 2.2 ಮೀಟರ್ ತನಕ ಏನೂ ಅಡ್ಡ ಬರಬಾರದು, ಅಂಗಡಿ ಬೋರ್ಡೂ ಸೇರಿ. ಎತ್ತರ 150 ಮಿ.ಮೀ. ಮೀರಬಾರದು, ಅಂದರೆ ಅರ್ಧ ಅಡಿ. ಅದಕ್ಕಿಂತ ಎತ್ತರ ಕಟ್ಟಿದರೆ ಮಂಡಿ ನೋವಿನ ಅಜ್ಜಿ ಹತ್ತುವುದೇ ಇಲ್ಲ, ರಸ್ತೆಯಲ್ಲೇ ಹೋಗ್ತಾರೆ. ಆಮೇಲೆ 'ಫುಟ್‌ಪಾತ್ ಮಾಡಿಕೊಟ್ಟರೂ ಜನ ಬಳಸುವುದಿಲ್ಲ' ಅಂತ ದೂರು.

'ಅಡೆತಡೆ ಇಲ್ಲದೆ' ಅನ್ನುವ ಶಬ್ದವೇ ಇಲ್ಲಿ ಮುಖ್ಯ. ಆರು ಅಡಿ ಫುಟ್‌ಪಾತಿನ ಮಧ್ಯದಲ್ಲಿ ಒಂದು ಮೆಸ್ಕಾಂ ಕಂಬ, ಒಂದು ಟ್ರಾನ್ಸ್‌ಫಾರ್ಮರ್ ಕಟ್ಟೆ, ಒಂದು ಫ್ಲೆಕ್ಸ್ ನಿಂತರೆ ಅದು ಆರು ಅಡಿಯ ಫುಟ್‌ಪಾತ್ ಅಲ್ಲ. ಕಂಬ, ಮರ, ಬೋರ್ಡು ಇವುಗಳಿಗೆ ರಸ್ತೆ ಅಂಚಿನ ಕಡೆ ಬೇರೆಯೇ ಪಟ್ಟಿ ಬಿಡಬೇಕು, ನಡೆಯುವ ಜಾಗ ಅದರ ಒಳಬದಿ. ಒಂದೊಂದು ಅಂಗಡಿಯ ಎದುರು ಗಾಡಿ ಹತ್ತಿಸಲಿಕ್ಕೆ ಫುಟ್‌ಪಾತನ್ನು ಇಳಿಸಿ ಏರಿಸಿ ಮಾಡುವುದೂ ತಪ್ಪು. ನಡೆಯುವವರಿಗೆ ಮಟ್ಟ ಒಂದೇ ಇರಬೇಕು, ಏರಿ ಇಳಿಯುವುದು ಗಾಡಿಯ ಕೆಲಸ.

ನಮ್ಮಲ್ಲಿ ಚರಂಡಿಯೇ ಫುಟ್‌ಪಾತ್

ಕರಾವಳಿಯ ಪೇಟೆಗಳಲ್ಲಿ ಪ್ರತ್ಯೇಕ ಫುಟ್‌ಪಾತ್ ಅನ್ನುವುದು ಕಡಿಮೆ. ಚರಂಡಿ ಮಾಡಿ ಮೇಲೆ ಕಾಂಕ್ರೀಟ್ ಚಪ್ಪಡಿ ಮುಚ್ಚಿದರೆ ಅದೇ ನಡೆಯುವ ದಾರಿ. ಜಾಗ ಉಳಿಸುವ ದೃಷ್ಟಿಯಿಂದ ಇದು ತಪ್ಪಲ್ಲ. ಆದರೆ ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ಆಸುಪಾಸು ಮಳೆ ಬೀಳುವ ಜಾಗ ಇದು. ಘಾಟಿಯ ಬುಡದಲ್ಲಿ ಇನ್ನೂ ಹೆಚ್ಚು. ಚರಂಡಿ ಹೂಳು ತೆಗೆಯಲು ಚಪ್ಪಡಿ ಎತ್ತಲೇಬೇಕು, ಎತ್ತಿದ್ದು ಮತ್ತೆ ಮೊದಲಿನಂತೆ ಕೂರುವುದಿಲ್ಲ. ಒಂದು ಚಪ್ಪಡಿ ಎರಡು ಇಂಚು ಮೇಲೆ, ಪಕ್ಕದ್ದು ಕೆಳಗೆ. ಜೂನ್‌ನಲ್ಲಿ ನೀರು ಮೇಲೆ ಹರಿದರೆ ಎಲ್ಲಿ ಚಪ್ಪಡಿ ಉಂಟು, ಎಲ್ಲಿ ಬಾಯಿ ತೆರೆದಿದೆ ಅಂತ ಕೊಡೆ ಹಿಡಿದು ಹೋಗುವವರಿಗೆ ಕಾಣುವುದೇ ಇಲ್ಲ.

ಇದಕ್ಕೆ ಪರಿಹಾರ ಗೊತ್ತಿಲ್ಲದ್ದೇನಲ್ಲ. ಎಲ್ಲ ಚಪ್ಪಡಿ ಎತ್ತುವ ಬದಲು ಅಲ್ಲಲ್ಲಿ ಕಬ್ಬಿಣದ ಜಾಲರಿಯ ಮುಚ್ಚಳ ಇಟ್ಟು ಅಲ್ಲಿಂದಲೇ ಹೂಳು ತೆಗೆಯುವ ವ್ಯವಸ್ಥೆ ಮಾಡಬಹುದು. ರಸ್ತೆ ನೀರು ಚರಂಡಿಗೆ ಇಳಿಯುವ ಕಿಂಡಿ ಪಕ್ಕದಿಂದ ಇರಬೇಕು, ಮೇಲಿನಿಂದ ಅಲ್ಲ. ಇದೆಲ್ಲ ಅಂದಾಜುಪಟ್ಟಿ ಮಾಡುವಾಗಲೇ ಸೇರಬೇಕಾದ ವಿಷಯ. ಕಾಂಕ್ರೀಟ್ ಸುರಿದು ಆದ ಮೇಲೆ ಹೇಳಿದರೆ 'ಎಸ್ಟಿಮೇಟ್‌ನಲ್ಲಿ ಇಲ್ಲ' ಅನ್ನುವ ಒಂದೇ ಉತ್ತರ ಸಿಗುವುದು.

ರಸ್ತೆ ಅಗಲವಾದಷ್ಟು ದಾಟುವುದು ಕಷ್ಟ

ಬಂಟ್ವಾಳದಿಂದ ಬೆಳ್ತಂಗಡಿ, ಉಜಿರೆ, ಚಾರ್ಮಾಡಿ ಮೂಲಕ ಘಾಟಿ ಹತ್ತುವುದು ರಾಷ್ಟ್ರೀಯ ಹೆದ್ದಾರಿ 73. ಮೊದಲು ಬಿ.ಸಿ.ರೋಡಿನಿಂದ ಪುಂಜಾಲಕಟ್ಟೆ ತನಕ, ಆಮೇಲೆ ಪುಂಜಾಲಕಟ್ಟೆಯಿಂದ ಚಾರ್ಮಾಡಿ ಕಡೆಗೆ ಇದರ ಅಗಲೀಕರಣ ಕೈಗೆತ್ತಿಕೊಳ್ಳಲಾಯಿತು. ಬಿ.ಸಿ.ರೋಡು, ಕಲ್ಲಡ್ಕ, ಮಾಣಿ ಮೂಲಕ ಶಿರಾಡಿಗೆ ಹೋಗುವ 75, ಮಂಗಳೂರಿನಿಂದ ಮೂಡುಬಿದಿರೆ ಮೂಲಕ ಕಾರ್ಕಳಕ್ಕೆ ಹೋಗುವ 169 ಕೂಡ ಚತುಷ್ಪಥದ ಹಾದಿಯಲ್ಲಿವೆ. ರಸ್ತೆ ಒಳ್ಳೆಯದಾಗುವುದು ಯಾರಿಗೂ ಬೇಡ ಅಂತಿಲ್ಲ. ಆದರೆ ಒಂದು ಸಣ್ಣ ಲೆಕ್ಕ ಹಾಕಿ ನೋಡಿ.

ನಾಲ್ಕು ಪಥ ಅಂದರೆ 3.5 ಮೀಟರ್‌ನಂತೆ 14 ಮೀಟರ್. ವಯಸ್ಸಾದವರು, ಮಗುವಿನ ಕೈ ಹಿಡಿದವರು ಸೆಕೆಂಡಿಗೆ ಸುಮಾರು ಒಂದು ಮೀಟರ್ ನಡೆಯುತ್ತಾರೆ. ದಾಟಲಿಕ್ಕೆ 14 ಸೆಕೆಂಡು. ಗಂಟೆಗೆ 60 ಕಿ.ಮೀ. ವೇಗದ ಕಾರು ಆ 14 ಸೆಕೆಂಡಿನಲ್ಲಿ 230 ಮೀಟರ್ ಮುಂದೆ ಬಂದಿರುತ್ತದೆ. ಅಂದರೆ 230 ಮೀಟರ್ ದೂರದ ತನಕ ರಸ್ತೆ ಖಾಲಿ ಕಂಡರೆ ಮಾತ್ರ ಧೈರ್ಯದಿಂದ ಕಾಲಿಡಬಹುದು. ನಮ್ಮ ತಿರುವುಗಳಲ್ಲಿ ಅಷ್ಟು ದೂರ ಕಾಣುವುದು ಎಲ್ಲಿ ಮಾರಾಯ್ರೆ? ಅದೇ ಎರಡು ಪಥದ ಪೇಟೆ ರಸ್ತೆಯಲ್ಲಿ, ಗಾಡಿ 30ರಲ್ಲಿ ಬಂದರೆ, 60 ಮೀಟರ್ ಸಾಕು.

ನಾಲ್ಕು ಪಥ ಮಾಡುವಲ್ಲಿ ಮಧ್ಯದ ಡಿವೈಡರ್‌ನಲ್ಲಿ ನಿಲ್ಲಲು ಜಾಗ ಬಿಟ್ಟರೆ ದಾಟುವ ಕೆಲಸ ಎರಡು ಕಂತಾಗುತ್ತದೆ. ಝೀಬ್ರಾ ಪಟ್ಟೆಯನ್ನು ರಸ್ತೆಗಿಂತ ಸ್ವಲ್ಪ ಎತ್ತರಿಸಿ ಮೇಜಿನ ಹಾಗೆ ಮಾಡಿದರೆ ಹಂಪ್ಸ್ ಕೆಲಸವೂ ಆಯಿತು, ದಾಟುವವರಿಗೆ ಮಟ್ಟದ ದಾರಿಯೂ ಆಯಿತು. ಬರೀ ಬಣ್ಣದ ಝೀಬ್ರಾ ಒಂದು ಮಳೆಗಾಲ ಕಳೆಯುವುದೇ ಸಂಶಯ. ಇನ್ನು ಮೇಲ್ಸೇತುವೆ ಮೆಟ್ಟಿಲು ಹತ್ತಿ ಇಳಿದು ದಾಟಿ ಎಂದರೆ ಚೀಲ ಹೊತ್ತವರು ಕೇಳುವುದಿಲ್ಲ, ಕೆಳಗಿನಿಂದಲೇ ಓಡ್ತಾರೆ. ಅದು ಜನರ ತಪ್ಪು ಎಂದು ಬರೆಯುವುದು ಸುಲಭ.

ವೇಗದ ವಿಷಯಕ್ಕೆ ಬಂದರೆ, 2018ರ ಕೇಂದ್ರ ಅಧಿಸೂಚನೆ ಪ್ರಕಾರ ಪುರಸಭೆ ವ್ಯಾಪ್ತಿಯ ರಸ್ತೆಯಲ್ಲೂ ಕಾರಿಗೆ ಗರಿಷ್ಠ ಮಿತಿ 70 ಕಿ.ಮೀ. ಇದು ಗರಿಷ್ಠ ಮಾತ್ರ. ಶಾಲೆ, ಪೇಟೆ, ದೇವಸ್ಥಾನದ ಎದುರು ಇದಕ್ಕಿಂತ ಕಡಿಮೆ ಮಿತಿ ಹಾಕಲು ಮೋಟಾರು ವಾಹನ ಕಾಯ್ದೆಯಲ್ಲೇ ಅವಕಾಶ ಉಂಟು. 2020ರ ಸ್ಟಾಕ್‌ಹೋಮ್ ಘೋಷಣೆಯಲ್ಲಿ ಜನ ಮತ್ತು ಗಾಡಿ ಬೆರೆಯುವ ಕಡೆ 30 ಕಿ.ಮೀ. ಮಿತಿ ಸಾಕು ಎಂದು ಹೇಳಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಗುದ್ದುವ ಕಾರಿನ ವೇಗ 50ರಿಂದ 65ಕ್ಕೆ ಏರಿದರೆ ಪಾದಚಾರಿ ಸಾಯುವ ಸಾಧ್ಯತೆ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ.

ಅಂಗಡಿಯವರ ಪ್ರಶ್ನೆ: ನಮ್ಮ ಗಿರಾಕಿ ಗಾಡಿ ಎಲ್ಲಿ ನಿಲ್ಲಿಸಬೇಕು?

ಫುಟ್‌ಪಾತ್ ಅಂದ ಕೂಡಲೇ ಪೇಟೆಯಲ್ಲಿ ಬರುವ ಮೊದಲ ಮಾತು ಇದು. ಸುಳ್ಳು ಭಯ ಅಂತ ತಳ್ಳಿಹಾಕುವ ಹಾಗಿಲ್ಲ. ಎದುರು ಬೈಕ್ ನಿಲ್ಲಿಸಲು ಆಗದಿದ್ದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗ್ತಾನೆ. ಅಗಲೀಕರಣದಲ್ಲಿ ಮುಂಭಾಗದ ಜಾಗ ಕಳೆದುಕೊಂಡವರಿಗೆ ಮತ್ತೆ ಆರು ಅಡಿ ಕೇಳಿದರೆ ಸಿಟ್ಟು ಬರುವುದೂ ಸಹಜ.

ಆದರೂ ಅಂಗಡಿಯವರು ತಮ್ಮ ಟೇಪ್ ತೆಗೆದು ಒಂದು ಅಳತೆ ಮಾಡಬಹುದು. ಪೇಟೆಯ ಸಾಮಾನ್ಯ ಅಂಗಡಿಯ ಎದುರಿನ ಅಗಲ ಹತ್ತು ಹನ್ನೆರಡು ಅಡಿ. ಒಂದು ಕಾರು ನಿಲ್ಲಲು ಬೇಕಾದ ಉದ್ದ 5 ಮೀಟರ್, ಅಂದರೆ ಹದಿನಾರು ಅಡಿಗಿಂತ ಹೆಚ್ಚು. ಒಂದು ಕಾರು ರಸ್ತೆ ಬದಿಗೆ ನಿಂತರೆ ಒಂದೂವರೆ ಅಂಗಡಿಯ ಮುಖವೇ ಮುಚ್ಚಿತು. ಆ ಕಾರಿನವರು ಪಕ್ಕದ ಬ್ಯಾಂಕಿಗೆ ಹೋಗಿ ಒಂದು ಗಂಟೆ ಬಿಟ್ಟು ಬಂದರೆ ಅಷ್ಟು ಹೊತ್ತು ಗಾಜಿನ ಒಳಗಿಟ್ಟ ಸೀರೆ, ಚಪ್ಪಲಿ, ಬೇಕರಿ ತಿಂಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ನಡೆದು ಹೋಗುವವರು ಮಾತ್ರ ಅಂಗಡಿ ನೋಡಿಕೊಂಡು ಹೋಗುವವರು. ಹೆಚ್ಚು ಸಲ ಎದುರು ನಿಲ್ಲುವ ಗಾಡಿ ಗಿರಾಕಿಯದ್ದಲ್ಲ, ಅಂಗಡಿಯವರದ್ದೋ ಕೆಲಸದವರದ್ದೋ ಆಗಿರುತ್ತದೆ ಅನ್ನುವುದನ್ನೂ ಪೇಟೆಯವರೇ ಒಪ್ತಾರೆ.

ದಾರಿ ಇಲ್ಲದಿಲ್ಲ. ಉದ್ದಕ್ಕೂ ಪಾರ್ಕಿಂಗ್ ಬೇಡ ಎನ್ನುವ ಬದಲು ನಾಲ್ಕೈದು ಅಂಗಡಿಗೊಂದು ಬೈಕ್ ನಿಲ್ಲಿಸುವ ಕಿಸೆ, ಸಾಮಾನು ಇಳಿಸಲು ಬೆಳಗ್ಗೆ ಇಂತಿಷ್ಟು ಹೊತ್ತು, ಕಾರುಗಳಿಗೆ ಪೇಟೆಯ ಎರಡು ತುದಿಯಲ್ಲಿ ಜಾಗ ಅಂತ ಪಂಚಾಯತ್ ಮತ್ತು ವರ್ತಕರು ಕೂತು ತೀರ್ಮಾನಿಸಬಹುದು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಕ್ಕೆ ಗಾಡಿ ನಿಲ್ಲಿಸಿ ಜನರಿಗೆ ಮಾತ್ರ ಬಿಟ್ಟು ನೋಡಿದರು. ನಮ್ಮಲ್ಲಿ ಅಂಥ ಪ್ರಯೋಗಕ್ಕೆ ಸರಿಯಾದ ಜಾಗ ಹುಡುಕಿದರೆ ಮೂಡುಬಿದಿರೆಯ ಜೈನಪೇಟೆ. ಸಾವಿರ ಕಂಬದ ಬಸದಿ ಸೇರಿ ಹದಿನೆಂಟು ಬಸದಿಗಳ ಊರದು. ನಡೆದು ನೋಡಿದರೆ ಮಾತ್ರ ಕಾಣುವ ಊರು.

ಗೂಡಂಗಡಿ, ಹಣ್ಣಿನ ಗಾಡಿಯವರ ವಿಷಯ ಬೇರೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯಂತೆ ಬಂಟ್ವಾಳ, ಮೂಡುಬಿದಿರೆ ಪುರಸಭೆ, ಬೆಳ್ತಂಗಡಿ ಪಟ್ಟಣ ಪಂಚಾಯತ್‌ನಂಥ ನಗರ ಸಂಸ್ಥೆಗಳು ವ್ಯಾಪಾರ ಸಮಿತಿ ಮಾಡಿ, ಸಮೀಕ್ಷೆ ಮಾಡಿ, ಗುರುತಿನ ಪತ್ರ ಕೊಟ್ಟು, ಜಾಗ ತೋರಿಸಬೇಕು. ಅದು ಮಾಡದೆ ಒಂದು ದಿನ ಜೆಸಿಬಿ ತಂದು ಎತ್ತಿಸಿ, ಮರುವಾರ ಮತ್ತೆ ಅಲ್ಲೇ ಕೂರುವುದನ್ನು ನೋಡುವುದು ಯಾವ ಯೋಜನೆಯೂ ಅಲ್ಲ. ಗ್ರಾಮ ಪಂಚಾಯತ್ ಇರುವ ಧರ್ಮಸ್ಥಳದಂಥ ಕಡೆ ಈ ಕಾಯ್ದೆ ನೇರ ಬರುವುದಿಲ್ಲ, ಅಲ್ಲಿ ಪಂಚಾಯತ್ ಪರವಾನಗಿಯೇ ದಾರಿ.

ಯಾತ್ರಿಕರಿಗೇ ಒಂದು ದಾರಿ: ಪಂಢರಪುರದ ಮಾದರಿ

ಮಹಾರಾಷ್ಟ್ರದಲ್ಲಿ ಆಷಾಢ ಏಕಾದಶಿಗೆ ಆಳಂದಿ ಮತ್ತು ದೇಹುವಿನಿಂದ ಪಂಢರಪುರಕ್ಕೆ ಲಕ್ಷಗಟ್ಟಲೆ ವಾರಕರಿಗಳು ನಡೆಯುತ್ತಾರೆ. ನಮ್ಮ ಬೆಳಗಾವಿ, ವಿಜಯಪುರ ಕಡೆಯವರೂ ಪಂಢರಪುರಕ್ಕೆ ನಡೆದು ಹೋಗುವವರೇ. ಆ ಪಾಲಖಿ ದಾರಿಯನ್ನು ರಾಷ್ಟ್ರೀಯ ಹೆದ್ದಾರಿ 965 ಮತ್ತು 965ಜಿ ಎಂದು ಚತುಷ್ಪಥ ಮಾಡುವ ಕೆಲಸಕ್ಕೆ 2021ರ ನವೆಂಬರ್ 8ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ವಿಶೇಷ ಏನೆಂದರೆ ಹೆದ್ದಾರಿಯ ಎರಡೂ ಬದಿ ನಡೆಯುವವರಿಗೆ ಪ್ರತ್ಯೇಕ ದಾರಿ ಆ ಯೋಜನೆಯ ಒಳಗೇ ಸೇರಿದೆ. ಅಂದರೆ ರಾಷ್ಟ್ರೀಯ ಹೆದ್ದಾರಿಯಲ್ಲಿ ಯಾತ್ರಿಕರ ಕಾಲುದಾರಿಗೆ ನಿಯಮದಲ್ಲಿ ಜಾಗ ಇಲ್ಲ ಅನ್ನುವ ಮಾತು ನಿಲ್ಲುವುದಿಲ್ಲ. ತಿರುಪತಿಯಲ್ಲಿ ಅಲಿಪಿರಿಯ 3,550 ಮೆಟ್ಟಿಲಿನ ದಾರಿ ಗಾಡಿ ರಸ್ತೆಯಿಂದ ಬೇರೆಯೇ. ಸ್ಪೇನಿನ ಪೊಂಟೆವೆದ್ರ ಎಂಬ ಊರು ಕೂಡ ಕಾಲ್ನಡಿಗೆ ಯಾತ್ರಿಕರ ದಾರಿಯಲ್ಲಿದೆ, ಜನಸಂಖ್ಯೆ ಎಂಬತ್ತು ಸಾವಿರದ ಮೇಲೆ. 1999ರಿಂದ ಪೇಟೆಯ ನಡು ಭಾಗವನ್ನು ನಡೆಯುವವರಿಗೆ ಬಿಟ್ಟುಕೊಟ್ಟಿತು, ಈಗ ಬೇರೆ ಊರಿನವರು ನೋಡಲು ಅಲ್ಲಿಗೆ ಹೋಗ್ತಾರೆ.

ನಮ್ಮಲ್ಲಿ ತುರ್ತು ಬೇಕಾದ ತುಂಡುಗಳು ಮೂರು. ಉಜಿರೆಯಿಂದ ಧರ್ಮಸ್ಥಳ, ಸುಮಾರು ಒಂಬತ್ತು ಕಿ.ಮೀ. ನೇತ್ರಾವತಿ ಸ್ನಾನಘಟ್ಟದಿಂದ ದೇವಸ್ಥಾನ, ಎರಡು ಮೂರು ಕಿ.ಮೀ., ಒದ್ದೆ ಬಟ್ಟೆಯಲ್ಲಿ ಮಕ್ಕಳೊಂದಿಗೆ ನಡೆಯುವವರು ವರ್ಷವಿಡೀ ಇರುವ ಜಾಗ. ಮತ್ತೊಂದು ಶಿರಾಡಿ ಇಳಿದವರು ಪೆರಿಯಶಾಂತಿಯಲ್ಲಿ ತಿರುಗಿ ಕೊಕ್ಕಡ ಮೂಲಕ ಬರುವ ದಾರಿ, ಕಾಡಿನ ನಡುವೆ, ಕತ್ತಲೆಯಲ್ಲಿ. ಎಲ್ಲ ಕಡೆ ಕಾಂಕ್ರೀಟ್ ಬೇಕಂತಿಲ್ಲ. ಡಾಮರಿನಿಂದ ಚರಂಡಿಯಷ್ಟು ದೂರದಲ್ಲಿ ಗಟ್ಟಿ ಮಾಡಿದ ಮಣ್ಣಿನ ದಾರಿ, ತೋಡು ಬಂದಲ್ಲಿ ಮೋರಿಯನ್ನು ಆರು ಅಡಿ ಉದ್ದ ಮಾಡುವುದು, ಕೆಲವು ಸೋಲಾರ್ ದೀಪ ಇಷ್ಟಾದರೂ ಸಾಕು. ಮೋರಿಯೇ ನಿಜವಾದ ಸಮಸ್ಯೆ. ರಸ್ತೆ ಅಗಲವಿದ್ದರೂ ಮೋರಿ ಮತ್ತು ಸೇತುವೆ ಹತ್ತಿರ ಬಂದಾಗ ನಡೆಯುವವರು ಡಾಮರಿಗೆ ಹತ್ತಲೇಬೇಕು, ಹಿಂದಿನಿಂದ ಬಸ್ ಬರುವುದೂ ಅಲ್ಲೇ.

ಅಲ್ಲಿ ತನಕ ಪಾದಯಾತ್ರಿಗಳು ಮಾಡಬಹುದಾದದ್ದು: ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿ, ಎದುರಿನ ಗಾಡಿ ಕಾಣುವ ಹಾಗೆ ನಡೆಯುವುದು. ಸಾಲಾಗಿ, ಅಡ್ಡಡ್ಡ ಅಲ್ಲ. ಕೇಸರಿ ಶಾಲು ರಾತ್ರಿ ಚಾಲಕನಿಗೆ ಕಾಣುವುದಿಲ್ಲ, ರಿಫ್ಲೆಕ್ಟರ್ ಪಟ್ಟಿ ಕಾಣುತ್ತದೆ.

ಸೈಕಲ್ ಎಲ್ಲಿ ಹೋಯಿತು?

ಗಂಟೆ ಲೆಕ್ಕದ ಬಾಡಿಗೆ ಸೈಕಲ್ ಅಂಗಡಿ ಇಲ್ಲದ ಪೇಟೆ ಒಂದು ಕಾಲದಲ್ಲಿ ಇರಲಿಲ್ಲ. 2006-07ರಿಂದ ರಾಜ್ಯ ಸರಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟಿತು, ಕೋವಿಡ್ ಹೊತ್ತಿಗೆ ಅದು ನಿಂತಿತು. ಸೈಕಲ್ ಕೊಟ್ಟರು, ಹೋಗುವ ದಾರಿ ಕೊಡಲಿಲ್ಲ. ಹೆದ್ದಾರಿ ಪಕ್ಕದ ಮನೆಯವರು ಮಗಳನ್ನು ಸೈಕಲಿನಲ್ಲಿ ಕಳಿಸಲು ಹೆದರಿ ಆಟೋಗೆ ತಿಂಗಳ ಬಾಡಿಗೆ ಕೊಟ್ಟರು. ಗುಡ್ಡ, ಮಳೆ ಇರುವ ಊರಿಗೆ ಸೈಕಲ್ ಆಗುವುದಿಲ್ಲ ಎಂಬ ವಾದ ಅರ್ಧ ಸರಿ. ಏರು ನಿಜ. ಆದರೆ ಮಳೆ ನೆದರ್‌ಲ್ಯಾಂಡ್ಸ್‌ನಲ್ಲೂ ಉಂಟು. ಅಲ್ಲಿ 1971ರಲ್ಲಿ ಒಂದೇ ವರ್ಷ 400ಕ್ಕೂ ಹೆಚ್ಚು ಮಕ್ಕಳು ರಸ್ತೆಯಲ್ಲಿ ಸತ್ತ ಮೇಲೆ ತಂದೆ ತಾಯಂದಿರು ಬೀದಿಗಿಳಿದರು. ಇವತ್ತು ಕಾಣುವ ಸೈಕಲ್ ದಾರಿಗಳ ಹಿಂದೆ ಆ ಗಲಾಟೆ ಉಂಟು. ನಮ್ಮ ರಾಜ್ಯದಲ್ಲಿ ಮೈಸೂರಿನ 'ಟ್ರಿಣ್ ಟ್ರಿಣ್' 2017ರ ಜೂನ್‌ನಲ್ಲಿ 450 ಸೈಕಲ್‌ಗಳೊಂದಿಗೆ ಶುರುವಾಯಿತು.

ತಾಲೂಕಿನಲ್ಲಿ ದೊಡ್ಡ ಸೈಕಲ್ ಟ್ರ್ಯಾಕ್ ಕನಸು ಸದ್ಯಕ್ಕೆ ಬೇಡ. ಪ್ರೌಢಶಾಲೆಯ ಸುತ್ತ ಎರಡು ಕಿ.ಮೀ. ಮಾತ್ರ ಹಿಡಿದರೂ ಸಾಕು: ಒಳರಸ್ತೆಗಳನ್ನು ಜೋಡಿಸುವುದು, ಹೆದ್ದಾರಿ ದಾಟುವ ಒಂದು ಸರಿಯಾದ ಜಾಗ, ಶಾಲೆಯಲ್ಲಿ ನೆರಳಿರುವ ಸೈಕಲ್ ಸ್ಟ್ಯಾಂಡ್.

ಕಾಲುಸಂಕವೂ ಇದೇ ಲೆಕ್ಕಕ್ಕೆ

ಪಾದಚಾರಿ ದಾರಿ ಅಂದರೆ ಪೇಟೆ ಮಾತ್ರ ಅಲ್ಲ. ಗದ್ದೆಯ ಪುಣಿ, ತೋಡಿನ ಮೇಲಿನ ಅಡಕೆ ಮರದ ಸಂಕ ಇವೂ ಮಕ್ಕಳ ಶಾಲೆ ದಾರಿಯೇ. 2019ರ ಆಗಸ್ಟ್ ನೆರೆಯಲ್ಲಿ ಚಾರ್ಮಾಡಿ, ದಿಡುಪೆ ಕಡೆ ಸಂಪರ್ಕ ಕಡಿದು ಹೋದದ್ದು ಜನ ಮರೆತಿಲ್ಲ. 2022ರ ಮಳೆಗಾಲದಲ್ಲಿ ಬೈಂದೂರು ಕಡೆ ಶಾಲೆಯಿಂದ ಮನೆಗೆ ಹೊರಟ ಪುಟ್ಟ ಹುಡುಗಿ ಕಾಲುಸಂಕದಿಂದ ಜಾರಿ ತೀರಿಹೋದಳು. ನಡೆಯುವವರಿಗೆಂದೇ ಸೇತುವೆ ಕಟ್ಟಬಹುದು ಎಂದು ತೋರಿಸಿದ್ದು ನಮ್ಮದೇ ಜಿಲ್ಲೆಯ ಸುಳ್ಯದ ಗಿರೀಶ್ ಭಾರದ್ವಾಜ್. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲ ತೂಗುಸೇತುವೆ ಹಾಕಿದ ಅವರು ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು.

ಯಾರ ರಸ್ತೆ, ಯಾರಿಗೆ ಅರ್ಜಿ?

ಜನ ಸೋಲುವುದು ಇಲ್ಲಿ. ಪಂಚಾಯತಿಗೆ ಹೋದರೆ ಲೋಕೋಪಯೋಗಿ ಅನ್ನುತ್ತಾರೆ, ಅಲ್ಲಿಗೆ ಹೋದರೆ ಹೆದ್ದಾರಿ ವಿಭಾಗ ಅನ್ನುತ್ತಾರೆ. ರಾಷ್ಟ್ರೀಯ ಹೆದ್ದಾರಿಯಾದರೆ ಕೆಲವು ಕಡೆ ಹೆದ್ದಾರಿ ಪ್ರಾಧಿಕಾರ, ಕೆಲವು ಕಡೆ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿಯದ್ದು. ಗ್ರಾಮ ರಸ್ತೆಗೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ ಮತ್ತು ಗ್ರಾಮ ಪಂಚಾಯತ್. ಪೇಟೆಯ ಒಳರಸ್ತೆ ಪುರಸಭೆ ಅಥವಾ ಪಟ್ಟಣ ಪಂಚಾಯತ್. ರಾಷ್ಟ್ರೀಯ ಹೆದ್ದಾರಿ ದೂರಿಗೆ 1033, ರಾಜ್ಯದ ಯಾವುದೇ ಇಲಾಖೆಗೆ ಜನಸ್ಪಂದನ 1902. ಫೋನ್ ಮಾಡಿದರೆ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಮಾತಾಡಿದ್ದು ಗಾಳಿಗೆ.

ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಬರೆಯಬಹುದು. ಸುಮಾರು 500 ಮೀಟರ್ ತುಂಡಿನಲ್ಲಿ ಮೂರು ವರ್ಷದೊಳಗೆ ಸಾವು ಅಥವಾ ಗಂಭೀರ ಗಾಯದ 5 ಅಪಘಾತ, ಇಲ್ಲವೇ 10 ಸಾವು ಆಗಿದ್ದರೆ ಅದು 'ಬ್ಲ್ಯಾಕ್ ಸ್ಪಾಟ್', ಸರಿಪಡಿಸಲೇಬೇಕು. ಠಾಣೆಯಲ್ಲಿ ಪ್ರಕರಣ ದಾಖಲಾದರೆ ಮಾತ್ರ ಈ ಲೆಕ್ಕಕ್ಕೆ ಬರುತ್ತದೆ. 'ಹೋಗ್ಲಿ, ಮಾತಾಡಿ ಮುಗಿಸುವ' ಅಂತ ಬಿಟ್ಟ ಅಪಘಾತ ಕಾಗದದಲ್ಲಿ ಆಗಿಯೇ ಇಲ್ಲ.

ಕಾನೂನಿನ ಬಲವೂ ಉಂಟು. 2019ರ ತಿದ್ದುಪಡಿಯಲ್ಲಿ ಸೇರಿದ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 198ಎ ಪ್ರಕಾರ ಸುರಕ್ಷತಾ ಮಾನದಂಡ ಬಿಟ್ಟು ರಸ್ತೆ ಮಾಡಿ ಸಾವು ಅಥವಾ ಅಂಗವೈಕಲ್ಯಕ್ಕೆ ಕಾರಣವಾದರೆ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂ. ತನಕ ದಂಡ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅಡೆತಡೆಯಿಲ್ಲದ, ಅಂಗವಿಕಲರೂ ಬಳಸಬಹುದಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿ ರಾಜ್ಯಗಳಿಗೆ ಮಾರ್ಗಸೂಚಿ ಮಾಡಲು ಸೂಚಿಸಿತು.

ರಸ್ತೆ ಕಾಮಗಾರಿ ನಿಮ್ಮ ಊರಿಗೆ ಬರುವ ಮೊದಲೇ ಮಾಹಿತಿ ಹಕ್ಕಿನಲ್ಲಿ ಕೇಳಬೇಕಾದದ್ದು ಎರಡು ಕಾಗದ: ಅಂದಾಜುಪಟ್ಟಿ ಮತ್ತು ರಸ್ತೆಯ ಅಡ್ಡ ಕೊಯ್ತದ ನಕ್ಷೆ. ಆ ನಕ್ಷೆಯಲ್ಲಿ ಡಾಮರು, ಚರಂಡಿ, ಮಾರ್ಜಿನ್ ಎಷ್ಟೆಷ್ಟು ಎಂದು ಮೀಟರಿನಲ್ಲಿ ಬರೆದಿರುತ್ತಾರೆ. ಫುಟ್‌ಪಾತ್ ಎಂಬ ಶಬ್ದದ ಎದುರು ಯಾವ ಅಂಕಿ ಉಂಟು ಅಂತ ನೋಡಿ, ಅದು 1.8ಕ್ಕಿಂತ ಕಡಿಮೆ ಇದ್ದರೆ ಅಥವಾ ಆ ಸಾಲೇ ಇಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಲಿಖಿತವಾಗಿ ಕೊಟ್ಟು, ನಿರ್ಣಯ ಪುಸ್ತಕದಲ್ಲಿ ಬರೆಸಿ, ಅದರ ಪ್ರತಿ ಪಡೆಯಬೇಕು.